ಜಾಲಹಳ್ಳಿ ಬಸ್ಸಿನಲ್ಲಿ ಬಂದ ಅಜ್ಞಾತ ಕಲಾವಿದೆ

೪ ನವೆಂಬರ್ ೨೦೨೪, ಸೋಮವಾರ

ಇವತ್ತಿನಿಂದ ನಾನು, ಮಾನ್ವಿಯ ಉಮಾದೇವಿ, ದೋಆಬ್ ಕಲಾ ಭವನ ಟ್ರಸ್ಟಿನ ದಾಖಲೀಕರಣ ಅಧಿಕಾರಿ. ಹೆಸರು ಕೇಳಿದರೆ ಅಮೃತಶಿಲೆಯ ಮೆಟ್ಟಿಲು ಕಣ್ಣ ಮುಂದೆ ಬರಬೇಕು. ಇರುವುದು ರಾಯಚೂರಿನ ತೀನ್ ಕಂದಿಲ್‌ನಿಂದ ಎರಡು ಓಣಿ ಒಳಗೆ, ಹಳೇ ಹತ್ತಿ ಗೋದಾಮಿನಲ್ಲಿ. ಸೀನಿದರೆ ಈಗಲೂ ಹತ್ತಿ ಹಾರುತ್ತದೆ.

ಒಟ್ಟು ೨,೧೪೦ ವಸ್ತುಗಳು. ಎಲ್ಲದರ ಫೋಟೊ ತೆಗೆದು, ಅಳೆದು, ಕಂಪ್ಯೂಟರಿಗೆ ಸೇರಿಸಬೇಕು. ಎರಡು ತಿಂಗಳು ಪರೀಕ್ಷೆಯ ಅವಧಿ, ಮೆಚ್ಚಿದರೆ ಒಂದು ವರ್ಷದ ನೇಮಕ. ಕಾರ್ಯದರ್ಶಿ ಹನುಮಂತ್ರಾಯರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದು ನಿವೃತ್ತರಾದವರು. ಕಲೆಯನ್ನೂ ಕರೆಂಟಿನ ಹಾಗೇ ಅಳೆಯುತ್ತಾರೆ. "ದಿನಕ್ಕ ನಲವತ್ತು ಯೂನಿಟ್ ಉತ್ಪಾದನೆ ಆಗಬೇಕು ನೋಡ್ರಿ ಮೇಡಂ" ಅಂದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು.

ನಾನು ಧಾರವಾಡದಲ್ಲಿ ಎರಡು ವರ್ಷ ಸಂಗ್ರಹಾಲಯ ಶಾಸ್ತ್ರ ಓದಿದವಳು. ನನ್ನ ಕೈಯಿಂದ ಒಂದೇ ಒಂದು ಸುಳ್ಳು ದಾಖಲೆ ಹೋಗಬಾರದು. ಇದನ್ನು ಇಲ್ಲೇ ಬರೆದಿಟ್ಟಿರುತ್ತೇನೆ.

೧೨ ನವೆಂಬರ್

ಗಡಿಗೆಪ್ಪ ಎಂಬ ಹಿರಿಯ ಅಟೆಂಡರ್ ಇದ್ದಾನೆ. ಟ್ರಸ್ಟ್ ಶುರುವಾದಾಗಿನಿಂದ ಇಲ್ಲಿಯವನೇ. ಹದಿನೇಳನೇ ಶತಮಾನದ ತಾಳೆಗರಿಯನ್ನು ಬರಿಗೈಯಲ್ಲಿ ಎತ್ತಿ, ಬಾಯಿಂದ ಊದಿ, ಮೇಜಿನ ಮೇಲೆ ಇಟ್ಟ. ಬಿಳಿ ಕೈಗವಸು ಕೊಟ್ಟು ಅರ್ಧ ತಾಸು ಪಾಠ ಹೇಳಿದೆ. ಪೂರ್ತಿ ಕೇಳಿದ. ಆಮೇಲೆ ಕೈಗವಸು ಹಾಕಿಕೊಂಡು ಚಹಾ ತಂದ.

ಸಾಫ್ಟ್‌ವೇರ್ ತಂದವನು ಮತೀನ್. ಫೋಟೊ ತೆಗೆಯುವವನೂ ಅವನೇ. ಕೆಂಪು ಚುಕ್ಕಿ ಇರುವ ಕಾಲಂ ಖಾಲಿ ಬಿಟ್ಟರೆ ದಾಖಲೆ ಉಳಿಯುವುದೇ ಇಲ್ಲ. ಕಲಾವಿದರ ಹೆಸರು ಗೊತ್ತಿಲ್ಲವೇ? 'ಅಜ್ಞಾತ' ಒತ್ತು. ಕಾಲ ಗೊತ್ತಿಲ್ಲವೇ? '೧೯ನೇ ಶತಮಾನ' ತಾನಾಗೇ ಬಂದು ಕೂರುತ್ತದೆ. ಹನುಮಂತ್ರಾಯರ ನಿವೃತ್ತಿ ಸನ್ಮಾನದ ಶಾಲೂ ನಮ್ಮ ಸಂಗ್ರಹದಲ್ಲಿದೆ. ಅದೂ ೧೯ನೇ ಶತಮಾನದ್ದು. ಇದನ್ನು ಯಾಕೆ ಸರಿ ಮಾಡಿಲ್ಲ ಎಂದು ಮತೀನನನ್ನು ಕೇಳಿದೆ.

"ಕ್ಯಾ ಕರ್ನಾ ಮೇಡಂ, ಸಾಹೇಬ್ರಿಗೆ ಹಳೇದು ಅಂದ್ರ ಭಾಳ ಖುಷಿ" ಅಂದ.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ಇಲ್ಲಿ ಪೂಜಾರಿ ಸಾಫ್ಟ್‌ವೇರು.

೨೧ ನವೆಂಬರ್

ಇವತ್ತು ನಲವತ್ತಮೂರು! ಹನುಮಂತ್ರಾಯರು ನನ್ನ ಉತ್ಪಾದನೆಯನ್ನು ಗೋಡೆಯ ಹಲಗೆಯ ಮೇಲೆ ಬರೆಸಿದ್ದಾರೆ.

ನಲವತ್ತಮೂರರಲ್ಲಿ ಒಂದು ಕೌದಿ. ಪ್ರವೇಶ ಸಂಖ್ಯೆ ೬೧೩, ಅಲ್ಮಾರ ನಾಲ್ಕು. ಕೆಂಪು, ನೀಲಿ, ಸಾಸಿವೆ ಬಣ್ಣದ ತುಂಡುಗಳನ್ನು ಕೂಡಿಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿದ್ದಾರೆ. ನಡುವೆ ಒಂದು ಟೆರಿಕಾಟ್ ಅಂಗಿಯ ತುಂಡು, ಜೇಬಿನ ಸಮೇತ ಹೊಲಿದಿದ್ದಾರೆ. ನೋಡುತ್ತಾ ನಿಂತೆ. ಎರಡು ದಾಖಲೆಯಷ್ಟು ಹೊತ್ತು ಹೋಯಿತು. ಟೆರಿಕಾಟು ಹತ್ತೊಂಬತ್ತನೇ ಶತಮಾನದಲ್ಲಿ ಎಲ್ಲಿತ್ತು ಸರ್ ಅಂದರೆ, "ಮುಂದುವರಿದ ಜನಾಂಗ ಇದ್ರು ಮೇಡಂ" ಅಂದರು ಹನುಮಂತ್ರಾಯರು.

ಒಂದು ಮೂಲೆಯಲ್ಲಿ ಗಂಟಿನ ಹಾಗೆ ಏನೋ ಕೈಗೆ ಸಿಕ್ಕಿತು. ಕತ್ತರಿಯಿಂದ ಹೊಲಿಗೆ ಬಿಚ್ಚಿದೆ. ಒಳಗೆ ಚಿಕ್ಕ ಬಟ್ಟೆಯ ಗಂಟು, ಅದರಲ್ಲಿ ನುಸಿ ತಿಂದ ಐದು ಜೋಳದ ಕಾಳು, ಅರಿಶಿನ ಕೊಂಬಿನ ತುಣುಕು. ನುಸಿ ಇಡೀ ಅಲ್ಮಾರಿಗೆ ಹಬ್ಬಿದರೆ ಗತಿಯೇನು? ತೆಗೆದು ಕಸದ ಡಬ್ಬಿಗೆ ಹಾಕಿ, ಮೂಲೆಯನ್ನು ಮತ್ತೆ ಅಚ್ಚುಕಟ್ಟಾಗಿ ಹೊಲಿದೆ. 'ಬಾಹ್ಯ ಕಸ ತೆಗೆಯಲಾಗಿದೆ' ಎಂದು ದಾಖಲಿಸಿದೆ. ಬಿಚ್ಚುವ ಮೊದಲು ಫೋಟೊ ತೆಗೆಯಬೇಕಿತ್ತು. ಮತೀನ್ ಊಟಕ್ಕೆ ಹೋಗಿದ್ದ.

'ಪಡೆದ ಬಗೆ' ಎಂಬ ಕಾಲಮ್ಮಿನಲ್ಲಿ ಮೂರೇ ಆಯ್ಕೆ: ದಾನ, ಖರೀದಿ, ಉತ್ಖನನ. ರಿಜಿಸ್ಟರಿನಲ್ಲಿ ಕೌದಿಯ ಮುಂದೆ 'ದೇವದುರ್ಗ ಸೀಮೆ' ಎಂದಷ್ಟೇ ಇದೆ. ಸದ್ಯಕ್ಕೆ 'ದಾನ' ಒತ್ತಿದ್ದೇನೆ. ಆಮೇಲೆ ವಿಚಾರಿಸಿ ಸರಿ ಮಾಡುತ್ತೇನೆ.

೯ ಡಿಸೆಂಬರ್, ಸೋಮವಾರ

ಹತ್ತೊಂಬತ್ತನೇ ಶತಮಾನದ ಅಜ್ಞಾತ ಕಲಾವಿದೆ ಇವತ್ತು ಹನ್ನೊಂದೂವರೆ ಗಂಟೆಗೆ ಜಾಲಹಳ್ಳಿಯಿಂದ ಬಂದಳು. ದೇವದುರ್ಗದಲ್ಲಿ ಬಸ್ಸು ಬದಲಿಸಿದಳಂತೆ.

ಮತೀನ್ ಕೌದಿಯ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕಿದ್ದ. ದೇವದುರ್ಗದಲ್ಲಿ ಟಂಟಂ ಆಟೊ ಓಡಿಸುವ ಬೀರೇಶ ಅದನ್ನು ನೋಡಿ, ಹೆಂಡತಿಯ ಅಜ್ಜಿಯನ್ನು ಕರೆದುಕೊಂಡು ಬಂದಿದ್ದಾನೆ. ಅಜ್ಜಿಯ ಹೆಸರು ಬಂಡೆಮ್ಮ. ಎಪ್ಪತ್ತರ ಆಸುಪಾಸು, ಕುರಿ ಕಾಯ್ದ ಮನೆತನ, ನಿಂತ ನಿಲುವಿನಲ್ಲೇ ಎದುರಿನವರು ಸರಿದು ದಾರಿ ಬಿಡಬೇಕು.

"ಇದು ನಂದವ್ವ" ಅಂದಳು, ಸುತ್ತು ಬಳಸು ಇಲ್ಲದೆ. "ಹದಿನೈದು ದಿನದ ಪ್ರದರ್ಶನ ಅದ, ಮುಗಿದ ಮ್ಯಾಲ ಮನಿಗೆ ತಂದು ಕೊಡ್ತೀವಿ ಅಂತ ಜೀಪಿನ್ಯಾಗ ಒಯ್ದಿದ್ರಿ. ಹನ್ನೊಂದು ವರ್ಷಾತು. ನಿಮ್ಮ ಹದಿನೈದು ದಿನ ಇನ್ನಾ ಮುಗದಿಲ್ಲೇನು?"

ಬೀರೇಶ ನಡುವೆ ಬಂದ. "ಎರಡು ಸಲ ಬಂದು ಕೇಳ್ಯಾರ್ರಿ. ಹುಡುಕ್ತೀವಿ ಅಂದಿದ್ರಂತ. ಈಗ ನನ್ನ ಹೆಂಡತಿ ರಾಧಾಗ ಏಳು ತಿಂಗಳು. ಅವರ ಮನ್ಯಾಗ ಹುಟ್ಟಿದ ಕೂಸನ್ನ ಮೊದಲ ಈ ಕೌದಿ ಮ್ಯಾಲನ ಹಾಕೋದು."

"ರಾಧಾನ ಅವ್ವ ಹುಟ್ಟಿದಾಗ ಹೊಲದೀನಿ" ಅಂದಳು ಬಂಡೆಮ್ಮ. "ಆಕಿನ್ನ ಹಾಕೀನಿ, ರಾಧಾನ್ನ ಹಾಕೀನಿ. ರಾಧಾನ ಕೂಸು ಬರೀ ನೆಲದ ಮ್ಯಾಲ ಮಲಗಬೇಕೇನು?"

ಕೌದಿ ತರಿಸಿದೆ. ಮುಟ್ಟಲು ಹೋದಳು. ಕೈಗವಸು ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟಳು. "ಹೊಲಿವಾಗ ಇವು ಇದ್ದಿಲ್ಲವ್ವ" ಅಂದಳು.

ಕೌದಿಗೆ ಅಂಟಿಸಿದ 'ಅಜ್ಞಾತ, ೧೯ನೇ ಶತಮಾನ' ಎಂಬ ಚೀಟಿಯನ್ನು ಬೀರೇಶ ಓದಿ ಹೇಳಿದ. ಬಂಡೆಮ್ಮ ಬೆರಳು ಮಡಚಿ ಎಣಿಸಿ, "ಅಂದ್ರ ನನಗ ನೂರಾ ಮೂವತ್ತು ದಾಟಿತು. ಪಿಂಚಣಿ ಹೆಚ್ಚು ಕೊಡ್ತಾರೇನು ಕೇಳು" ಅಂದಳು. ಗಡಿಗೆಪ್ಪ ಬಾಯಿಗೆ ಕೈಗವಸು ಒತ್ತಿಕೊಂಡು ನಕ್ಕ.

ಲಿಖಿತ ಅರ್ಜಿ, ಗುರುತಿನ ಪುರಾವೆ ತರಲು ಹೇಳಿ ಕಳಿಸಿದೆ. ನಿಯಮ ನಿಯಮವೇ.

೧೦ ಡಿಸೆಂಬರ್

ಗಡಿಗೆಪ್ಪನನ್ನು ಕೇಳಿದೆ. "ಹೌದ್ರಿ, ನಾನ ಹೊತ್ತು ಜೀಪಿಗೆ ಹಾಕೀನಿ. ಆಯಮ್ಮ ಜೋಳದ ರೊಟ್ಟಿ, ಪುಂಡಿ ಪಲ್ಯ ಕೊಟ್ಟಿದ್ಲು. ಹದಿನೈದು ದಿನ ಅಂದಿದ್ದೂ ಖರೇನ."

ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದೆ.

"ಯಾರ ಕೇಳ್ಯಾರ್ರಿ ನನ್ನ?"

'ಎರವಲು' ಎಂಬ ನಾಲ್ಕನೇ ಆಯ್ಕೆ ಸೇರಿಸು ಎಂದು ಮತೀನನಿಗೆ ಹೇಳಿದೆ. ಸೇರಿಸಲು ಕಾರ್ಯದರ್ಶಿಗಳ ಸಹಿ ಬೇಕಂತೆ. ಹನುಮಂತ್ರಾಯರು, "ಅದೊಂದು ಬಾಗಲಾ ತೆಗದ್ರ ಅರ್ಧ ಮ್ಯೂಸಿಯಂ ಎದ್ದು ಹೋಗತದ" ಅಂದರು. ಸತ್ಯ ಗೊತ್ತಿರುವವರು ಮಾತ್ರ ಇಷ್ಟು ಸ್ಪಷ್ಟವಾಗಿ ಹೆದರಬಲ್ಲರು.

೧೫ ಡಿಸೆಂಬರ್, ಭಾನುವಾರ, ಮಾನ್ವಿ

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೌದಿಯೊಳಗೂ ಜನ ಕಸ ತುಂಬುತ್ತಾರೆ ಎಂದು ತಮಾಷೆಯಾಗಿ ಜೋಳದ ಕಾಳಿನ ಕಥೆ ಹೇಳಿದೆ. ಬಡಿಯುವ ಸಪ್ಪಳ ನಿಂತಿತು.

"ಕಸ ಅಲ್ಲಲೇ ಅದು. ಕೌದಿಗೆ ಉಣಿಸೋದು. ಕಡೀ ಮೂಲಿ ಹೊಲಿಯೂ ಮುಂದ ಕಾಳು ಇಟ್ಟು ಮುಚ್ಚತಾರ. ಹಸದ ಕೌದಿ ಹೊಚಗೊಂಡ್ರ ನಿದ್ದಿ ಹತ್ತಂಗಿಲ್ಲ. ಎಷ್ಟು ಕಾಳು, ಜೋಡಿ ಏನು ಇಡತಾರ ಅನ್ನೋದು ಒಂದೊಂದು ಮನೀದು ಒಂದೊಂದು. ಹೊರಗಿನವರಿಗೆ ಹೇಳಂಗಿಲ್ಲ." ಆಮೇಲೆ ಕೇಳಿದಳು, "ಏನ್ ಮಾಡ್ದಿ ಅವನ್ನ?"

ಹೇಳಿದೆ.

"ಧಾರವಾಡದಾಗ ಇದನ್ನ ಕಲಿಸಿದ್ರೇನು ಎರಡು ವರ್ಷ?" ಅಂದವಳು ಮತ್ತೆ ರೊಟ್ಟಿ ಬಡಿಯತೊಡಗಿದಳು, ಸ್ವಲ್ಪ ಜೋರಾಗಿಯೇ.

ಒಂದು ಸಂಪ್ರದಾಯವನ್ನು ಕ್ರಮಬದ್ಧವಾಗಿ ದಾಖಲಿಸುವ ಅವಕಾಶ ಕೈತಪ್ಪಿತು. ಅಷ್ಟೇ ನನ್ನ ಬೇಸರ.

೧೯ ಡಿಸೆಂಬರ್

ಬಂಡೆಮ್ಮ, ಬೀರೇಶ ಅರ್ಜಿಯೊಂದಿಗೆ ಬಂದರು. ಕಾರ್ಯದರ್ಶಿಗಳ ಕೋಣೆಯಲ್ಲಿ ವಿಚಾರಣೆ. ಪುರಾವೆ ಏನಿದೆ ಎಂದು ಹನುಮಂತ್ರಾಯರು ಕೇಳಿದರು. ಗಡಿಗೆಪ್ಪ ನೋಡಿದ್ದಾನೆ ಎಂದೆ. "ಗಡಿಗೆಪ್ಪ ದಾಖಲೆ ಅಲ್ಲ ಮೇಡಂ" ಅಂದರು. ಸರಿಯೇ. ಗಡಿಗೆಪ್ಪನಿಗೆ ಪ್ರವೇಶ ಸಂಖ್ಯೆ ಇಲ್ಲ.

ಆಗ ಬಂಡೆಮ್ಮ ಎದ್ದು ನಿಂತಳು. "ಎಡಗಡಿ ಕೆಳಗಿನ ಮೂಲಿ ಬಿಚ್ರಿ. ಒಂದು ಗಂಟು ಅದ. ಅದರಾಗ ಐದು ಜ್ವಾಳದ ಕಾಳು, ಒಂದು ಅರಿಶಿಣ ಕೊಂಬಿನ ತುಣುಕು. ಇದ್ರ ಕೌದಿ ನಂದು. ಇಲ್ಲಂದ್ರ ನಿಮ್ಮದ. ಮತ್ತ ಈ ಹೊಸಲಿ ತುಳಿಯಂಗಿಲ್ಲ."

"ನ್ಯಾಯದ ಮಾತು. ಬಿಚ್ರಿ ಮೇಡಂ" ಅಂದರು ಹನುಮಂತ್ರಾಯರು.

ಅದೇ ಕತ್ತರಿ. ನಾನೇ ಹಾಕಿದ ಹೊಲಿಗೆಯನ್ನು ನಾನೇ ಬಿಚ್ಚಿದೆ. ಮೂಲೆ ಖಾಲಿ. ಹನುಮಂತ್ರಾಯರು ಕನ್ನಡಕ ಹಾಕಿಕೊಂಡು ಒಳಗೆ ನೋಡಿದರು. ಮತೀನ್ ಅದರ ಫೋಟೊ ತೆಗೆದ. ಈ ಸಲ ಅವನು ಊಟಕ್ಕೆ ಹೋಗಿರಲಿಲ್ಲ.

ಬಂಡೆಮ್ಮ ಮೂಲೆಯೊಳಗೆ ಬೆರಳು ಹಾಕಿ ತಡಕಿದಳು. ತೆಗೆದಳು. ಮತ್ತೆ ಹಾಕಿದಳು. ಕೈಗವಸು ಹಾಕಿಕೋ ಎಂದು ನಾನು ಹೇಳಲಿಲ್ಲ. ಯಾವುದನ್ನೂ ಹೇಳಲಿಲ್ಲ.

ಹೇಳಬಹುದಿತ್ತು. ಆದರೆ ಅನುಮತಿಯಿಲ್ಲದೆ, ಫೋಟೊ ಇಲ್ಲದೆ ವಸ್ತುವನ್ನು ಬಿಚ್ಚಿದ್ದು ಗಂಭೀರ ಲೋಪ. ನನ್ನ ನೇಮಕದ ಕಡತ ಇದೇ ವಾರ ಅವರ ಮೇಜಿನ ಮೇಲಿದೆ. ಸಮಯ ನೋಡಿ ಹೇಳಿದರಾಯಿತು. ಎಲ್ಲರೆದುರು ಹೇಳುವುದು ವೃತ್ತಿಧರ್ಮವೂ ಅಲ್ಲ.

"ಕಾಳು ಇಟ್ಟಿದ್ದೆ" ಎಂದಳು ಬಂಡೆಮ್ಮ, ತನಗೆ ತಾನೇ. ಬೀರೇಶ ಅವಳ ತೋಳು ಹಿಡಿದು ಕರೆದುಕೊಂಡು ಹೋದ.

೨೦ ಡಿಸೆಂಬರ್

ಮೂವತ್ತೊಂದು ದಾಖಲೆ. ತಲೆನೋವು.

೩ ಜನವರಿ ೨೦೨೫

ಒಂದು ವರ್ಷದ ನೇಮಕ ಆಯಿತು. ಪೇಡೆ ಹಂಚಿದೆ. ಗಡಿಗೆಪ್ಪ ತನ್ನ ಪೇಡೆಯನ್ನು ಕಾಗದದಲ್ಲಿ ಕಟ್ಟಿ ಮೇಜಿನ ಮೇಲೆ ಇಟ್ಟು ಹೋದ. ಸಕ್ಕರೆ ಕಾಯಿಲೆ ಇರಬೇಕು ಅಂದುಕೊಂಡೆ. ನಾಲ್ಕು ಗಂಟೆಗೆ ಎರಡು ಚಮಚ ಸಕ್ಕರೆ ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

ಸಮಯ ನೋಡಿ ಹೇಳಬೇಕೆಂದಿದ್ದೆನಲ್ಲ, ಇವತ್ತು ಎಲ್ಲರೂ ಖುಷಿಯಲ್ಲಿದ್ದರು. ಬೇಡವೆನಿಸಿತು.

೧೭ ಜನವರಿ

ಅಂತರ್ಜಾಲ ತಾಣದ ಉದ್ಘಾಟನೆ ಮೂವತ್ತನೇ ತಾರೀಖು. ಬೆಂಗಳೂರಿನಿಂದ ದೊಡ್ಡ ಅತಿಥಿಗಳು ಬರುತ್ತಾರೆ. ತಾಣದ ಮುಖಪುಟಕ್ಕೆ ೬೧೩ನೇ ಸಂಖ್ಯೆಯ ಕೌದಿಯನ್ನೇ ಆರಿಸಿದ್ದಾರೆ. ಪರದೆಯ ಪಕ್ಕದಲ್ಲಿ ಅಸಲು ಕೌದಿಯನ್ನೂ ಹರವಿಡಬೇಕಂತೆ, ಅತಿಥಿಗಳಿಗೆ ಹೋಲಿಸಿ ನೋಡಲು.

ಗ್ರಾಮೀಣ ಮಹಿಳೆಯೊಬ್ಬಳು ಪರದೆಯನ್ನು ಮುಟ್ಟುವ ಫೋಟೊ ಪೇಪರಿಗೆ ಬೇಕು ಎಂದರು ಹನುಮಂತ್ರಾಯರು. "ಆ ಜಾಲಹಳ್ಳಿ ಅಮ್ಮನ್ನ ಕರಸ್ರಿ. ಮುಖದ ಮ್ಯಾಲ ಒಳ್ಳೆ ಗೆರೆ ಅದಾವ."

ಕೌದಿ ಕೊಡುವುದಿಲ್ಲ, ಕೌದಿಯ ಫೋಟೊ ಮುಟ್ಟಲು ಕರೆಯುತ್ತೇವೆ. ಬಾಯಿಬಿಟ್ಟು ಇದನ್ನು ಬೀರೇಶನಿಗೆ ಫೋನಿನಲ್ಲಿ ಹೇಳಿದವಳು ನಾನೇ. ಅವನು ಅದನ್ನು ಅಜ್ಜಿಗೆ ಹೇಳಿದ. ಹಿಂದಿನಿಂದ ಮುದುಕಿಯ ದನಿ ಕೇಳಿತು: "ಬರ್ತೀವಿ ಅನ್ನು."

ನನಗೆ ನಾಚಿಕೆಯಾಯಿತು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ಗೊತ್ತಿಲ್ಲ. ಇಲ್ಲಿ ಬರೆದಿದ್ದೇನೆ.

೩೦ ಜನವರಿ, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ವೇದಿಕೆಯ ಬಲಕ್ಕೆ ಆಳೆತ್ತರದ ಪರದೆ, ಎಡಕ್ಕೆ ಮೇಜಿನ ಮೇಲೆ ಕೌದಿ. ಬಂಡೆಮ್ಮನನ್ನು ಮೊದಲ ಸಾಲಿನಲ್ಲಿ, ಮೇಜಿನ ಹತ್ತಿರ ಕೂರಿಸಿದ್ದರು. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಅತಿಥಿಗಳು ಗುಂಡಿ ಒತ್ತಿದರು, ಏನೂ ಆಗಲಿಲ್ಲ. ಮತೀನ್ ಪರದೆಯ ಹಿಂದೆ ಹೋಗಿ ಮತ್ತೊಂದು ಗುಂಡಿ ಒತ್ತಿದ. ಕೌದಿ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಂಡೆಮ್ಮನನ್ನು ಎಬ್ಬಿಸಿ ಅವಳ ಬೆರಳನ್ನು ಪರದೆಗೆ ಒತ್ತಿಸಿ ಫೋಟೊ ತೆಗೆದರು.

"ನೋಡವ್ವ, ಇನ್ನು ನೀ ಜಾಲಹಳ್ಳ್ಯಾಗ ಕುಂತ ಕೌದಿ ನೋಡಬಹುದು! ಅಮೆರಿಕಾದಾಗೂ ನೋಡತಾರ!" ಎಂದರು ಹನುಮಂತ್ರಾಯರು ಮೈಕಿನಲ್ಲಿ.

"ನೋಡಾಕಲ್ಲ ಯಪ್ಪಾ, ಹಾಸಾಕ ಬೇಕಿತ್ತು" ಎಂದಳು. ಸಭೆ ನಕ್ಕಿತು. ಅತಿಥಿಗಳು ಎಲ್ಲರಿಗಿಂತ ಹೆಚ್ಚು ನಕ್ಕರು. ಹಳ್ಳಿಯವರ ಮುಗ್ಧತೆ ಅವರಿಗೆ ಬಹಳ ಹಿಡಿಸಿತಂತೆ.

ಆಮೇಲೆ ಕಿರುಚಿತ್ರ. ಪರದೆ ಚೆನ್ನಾಗಿ ಕಾಣಲಿ ಎಂದು ಕಿಟಕಿಗಳಿಗೆ ಕಂಬಳಿ ಎಳೆದು ದೀಪ ಆರಿಸಿದರು. ಪರದೆಯಲ್ಲಿ ಕೌದಿ ಮೆಲ್ಲಗೆ ತಿರುಗುತ್ತಿತ್ತು. ಹಿಂದೆ ಶಹನಾಯಿ. ಗಂಭೀರ ದನಿಯೊಂದು ನಾನೇ ಬರೆದುಕೊಟ್ಟ ಸಾಲನ್ನು ಓದುತ್ತಿತ್ತು: 'ಈ ಅಪೂರ್ವ ಕೃತಿಯ ಕರ್ತೃ ಯಾರೆಂಬುದು ಕಾಲಗರ್ಭದಲ್ಲಿ ಅಡಗಿದೆ.' ಕರ್ತೃ ನನ್ನಿಂದ ಮೂರು ಕುರ್ಚಿ ಆಚೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ. ಯಾಕೆ ಹೋದೆನೋ ತಿಳಿಯದು.

"ಯವ್ವಾ, ಆ ಮೂಲಿ ಮೊದಲ ಬಿಚ್ಚಿದಾಕಿ ನಾನ. ಐದು ಕಾಳು ಇದ್ವು. ಅರಿಶಿಣಾನೂ ಇತ್ತು. ಕಸ ಅಂತ ಚೆಲ್ಲಿಬಿಟ್ಟೆ. ಅವತ್ತು ಸುಮ್ನ ನಿಂತೆ. ತಪ್ಪಾತು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಪರದೆಯ ಬೆಳಕಿನಲ್ಲಿ ನನ್ನ ಮುಖವನ್ನೇ ನೋಡಿದಳು.

"ಇದ್ವಲ್ಲ?" ಅಂದಳು.

"ಇದ್ವು."

"ತಿಂಗಳ ಮ್ಯಾಲಾತು ನನಗ ನಿದ್ದಿಲ್ಲ. ನಾನ ಇಡಾಕ ಮರತ್ನೇನೋ, ನನ್ನ ತಲೀನ ಕೆಟ್ಟದೇನೋ ಅಂತ. ಮನ್ಯಾಗೂ ಹಂಗ ಅನ್ನಾಕತ್ತಿದ್ರು." ಉಸಿರು ಬಿಟ್ಟಳು. "ಇದ್ವು ಅಂದ್ರ ಮುಗೀತು. ಕೌದಿ ನಂದು."

ಎದ್ದಳು. ಮೇಜಿನ ಹತ್ತಿರ ಹೋಗಿ ಎರಡು ತುದಿ ಹಿಡಿದು ಒಮ್ಮೆ ಝಾಡಿಸಿದಳು. ಅರ್ಧಕ್ಕೆ ಮಡಚಿದಳು, ಮತ್ತೆ ಅರ್ಧಕ್ಕೆ, ಮತ್ತೆ. ದಿನಾ ಬೆಳಿಗ್ಗೆ ಹಾಸಿಗೆ ಎತ್ತುವವರ ಅವಸರವಿಲ್ಲದ ಕೈ. ಬಗಲಲ್ಲಿ ಇಟ್ಟುಕೊಂಡು ನಡುವಿನ ದಾರಿಯಲ್ಲಿ ನಡೆದಳು. ಬೀರೇಶ ಹೌಹಾರಿ ಹಿಂದೆ ಎದ್ದ. ನೂರಾ ಇಪ್ಪತ್ತು ಜನ ಕೌದಿಯ ಫೋಟೊ ನೋಡುತ್ತಿದ್ದರು. ಕೌದಿ ಅವರ ಪಕ್ಕದಿಂದಲೇ ಹೊರಗೆ ಹೋಗುತ್ತಿತ್ತು.

ಬಾಗಿಲಲ್ಲಿ ಗಡಿಗೆಪ್ಪ ಗೇಟ್ ಪಾಸಿನ ಪುಸ್ತಕ ಹಿಡಿದು ನಿಂತಿದ್ದ. ಬಂಡೆಮ್ಮನನ್ನು ನೋಡಿದ, ಬಗಲನ್ನು ನೋಡಿದ, ಅಷ್ಟು ದೂರದಿಂದ ನನ್ನನ್ನು ನೋಡಿದ. ಬಿಡು ಎಂದು ಕೈ ಮಾಡಿದೆ. ಅವನು ಬಾಗಿಲನ್ನು ಎರಡೂ ಕೈಯಿಂದ ತೆರೆದ. ಹೊರಗಿನ ಬಿಸಿಲು ಒಳಗೆ ಬಿದ್ದಿತು. "ಬಾಗಲಾ ಮುಚ್ಚೋ ಮಾರಾಯಾ, ಪರದೆ ಕಾಣವಲ್ದು!" ಎಂದು ಹನುಮಂತ್ರಾಯರು ಕೂಗಿದರು. ಗಡಿಗೆಪ್ಪ ಮುಚ್ಚಿದ.

ದೀಪ ಹತ್ತಿದ ಮೇಲೆ ಹನುಮಂತ್ರಾಯರು ಖಾಲಿ ಮೇಜು ನೋಡಿದರು. "ಒಳಗ ಇಟ್ಟಿ ಏನೋ ಗಡಿಗೆಪ್ಪ?" ಅಂದರು.

"ಎಲ್ಲಿ ಇರಬೇಕೋ ಅಲ್ಲಿಗೆ ಮುಟ್ಟಿಸೀನ್ರಿ" ಎಂದ.

"ಶಾಣ್ಯಾ ಅದಿ" ಎಂದು ಹೇಳಿ, ಅತಿಥಿಗಳನ್ನು ಊಟಕ್ಕೆ ಕರೆದುಕೊಂಡು ಹೋದರು.

೩೧ ಜನವರಿ

ಯಾರೂ ಕೇಳಲಿಲ್ಲ. ಗಡಿಗೆಪ್ಪ ನನ್ನ ಮೇಜಿಗೆ ಕೇಳದೆಯೇ ಚಹಾ ತಂದಿಟ್ಟ. ಬರಿಗೈಯಲ್ಲಿ. ಅವನೆದುರಿಗೆ ಒಂದು ಗುಟುಕು ಕುಡಿದು ಚೆನ್ನಾಗಿದೆ ಅಂದೆ.

೨೦ ಫೆಬ್ರವರಿ

ವಾರ್ಷಿಕ ತಪಾಸಣೆಗೆ ಮೂವರು ಬಂದಿದ್ದರು. ಹಿಂದೆಲ್ಲ ಅಲ್ಮಾರ ತೆರೆದು ಒಂದೊಂದನ್ನೂ ಎಣಿಸುತ್ತಿದ್ದರಂತೆ. ಈಗ ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ. ಎ.ಸಿ. ಕೋಣೆಯಲ್ಲಿ ಕೂತು ಮಿರ್ಚಿ ಭಜಿ ತಿನ್ನುತ್ತಾ ಪರದೆಯ ಮೇಲೆ ೨,೧೪೦ ಎಣಿಸಿದರು. ಸರಿಯಾಗಿ ಇತ್ತು. ೬೧೩ ಬಂದಾಗ ಒಬ್ಬರು ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ಎಷ್ಟು ಚಂದ ಕಾಪಾಡೀರಿ!" ಅಂದರು. ಒಂದೂ ವಸ್ತು ಕಳೆದಿಲ್ಲ ಎಂದು ಪ್ರಮಾಣಪತ್ರ ಕೊಟ್ಟರು, ನನ್ನ ಹೆಸರು ಬರೆದು. ಹನುಮಂತ್ರಾಯರು ಚೌಕಟ್ಟು ಹಾಕಿಸುತ್ತಾರಂತೆ. ಚೌಕಟ್ಟು ಹಾಕಿದ ಮೇಲೆ ಅದಕ್ಕೂ ಪ್ರವೇಶ ಸಂಖ್ಯೆ ಬೀಳುವುದು ಖಂಡಿತ.

ಅವರು ಇನ್ನೂ ಕೈ ತೊಳೆಯುತ್ತಿದ್ದಾಗ ಬೀರೇಶನ ಫೋನು ಬಂತು. ನಿನ್ನೆ ಮಧ್ಯಾಹ್ನ ದೇವದುರ್ಗದ ದವಾಖಾನೆಯಲ್ಲಿ ರಾಧಾಗೆ ಹೆಣ್ಣು ಕೂಸು. ಇವತ್ತು ಮನೆಗೆ ಬಂದಿದ್ದಾರೆ. "ಕೌದಿ ಮ್ಯಾಲ ಹಾಕೀವಿ ಮೇಡಂ. ಫೋಟೊ ಕಳಸ್ಲೇನ್ರಿ?"

"ಬ್ಯಾಡಪ್ಪ" ಅಂದೆ. "ಅಜ್ಜಿಗೆ ಕೊಡು ಫೋನು."

ಬಂಡೆಮ್ಮ ಹಲೋ ಅನ್ನಲಿಲ್ಲ. "ಹಾಕಿದ ಘಳಿಗ್ಯಾಗನ ಪೂರಾ ತೋಯಿಸ್ಯಾಳ ನೋಡು! ಅವರವ್ವನೂ ಹಿಂಗ ಮಾಡಿದ್ಲು" ಎಂದಳು. ಹಿಂದೆ ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ತಪಾಸಣೆಯವರು ತಿರುಗಿ ನೋಡುವಷ್ಟು ಜೋರಾಗಿ ನಾನು ನಕ್ಕೆ.